ಗಣಿತದ ನೋಟ್‌ಬುಕ್ಕಿನ ಹಿಂಬದಿ

ನರಿನ್ ಊರಲ್ಲಿ ನದಿ ಹೆಪ್ಪುಗಟ್ಟಿದ ಮೇಲೆ
ಬಸ್‌ಸ್ಟ್ಯಾಂಡಿನ ಎದುರಿನ ಔಷಧಿ ಅಂಗಡಿಯ ಬಾಗಿಲಿಗೆ
ಕುಂದುಜ್ ಹಳೆಯ ಉಣ್ಣೆ ಕಂಬಳಿ ಇಳಿಬಿಡುತ್ತಾಳೆ.
ಅದನ್ನು ಸರಿಸಿ ಒಳಬರುವವರು
ಮೊದಲು ಬೂಟಿನ ಹಿಮ ಒದರುತ್ತಾರೆ,
ಆಮೇಲೆ ಬೆಲೆ ಕೇಳುತ್ತಾರೆ.

ಕೆಲವರು ಬೆಲೆ ಮಾತ್ರ.

ಸತಿಬಾಲ್ದಿ, ಕಲ್ಲಿದ್ದಲ ಗಣಿಯಲ್ಲಿ ಇಪ್ಪತ್ತೆರಡು ವರ್ಷ,
ಕೆಮ್ಮು ಅವನಿಗಿಂತ ಮೊದಲೇ ಒಳಗೆ ಬರುತ್ತದೆ.
ಆ ಉಸಿರಿನ ಪಂಪು ಎಷ್ಟು?
ಒಂಬೈನೂರ ನಲವತ್ತು ಸೋಮ್.
ಟೋಪಿ ತೆಗೆದು, ತಲೆ ಕೆರೆದು, ಮತ್ತೆ ಹಾಕಿಕೊಂಡು
'ಹಾಗಾದರೆ ಬೇಡ' ಅನ್ನುತ್ತಾನೆ,
ಮೊದಲಿಂದಲೂ ಬೇಡವಾಗಿಯೇ ಇತ್ತೇನೋ ಎಂಬಂತೆ.
ಎರಡು ನಿಂಬೆ ಪೆಪ್ಪರ್ಮೆಂಟು ಕೊಂಡು ಹೋಗುತ್ತಾನೆ.

ಪೆಪ್ಪರ್ಮೆಂಟು ಲೆಕ್ಕಕ್ಕೆ ಹತ್ತುತ್ತದೆ.

ತಿಂಗಳಿಗೊಮ್ಮೆ ಬಿಷ್ಕೆಕ್‌ನಿಂದ ಕಂಪನಿಯ ಹುಡುಗ ಬರುತ್ತಾನೆ,
ಎಲ್ದಿಯಾರ್, ಒಳ್ಳೆಯವನು, ತಾಯಿಗೆಂದು ಇಲ್ಲಿಂದ ಜೇನು ಒಯ್ಯುವವನು.
ಹೆಬ್ಬೆರಳಲ್ಲಿ ಪರದೆ ಉಜ್ಜುತ್ತ ಹೇಳುತ್ತಾನೆ:
ಅಕ್ಕಾ, ಬಿಳುಪಿನ ಕ್ರೀಮಿಗೆ ಬೇಡಿಕೆ ಇದೆ, ಇನ್ನೂ ನಲವತ್ತು ಡಬ್ಬಿ ಕಳಿಸುತ್ತೇವೆ.
ಪಂಪಿಗೆ ಇಲ್ಲಿ ಬೇಡಿಕೆಯೇ ಇಲ್ಲ. ವಾಪಸು.
ಅವನು ಸುಳ್ಳು ಹೇಳುತ್ತಿಲ್ಲ. ಅದೇ ಕಷ್ಟ.

ಈ ಮಾತನ್ನು ನನ್ನ ನುಡಿಯಲ್ಲಿ ಬರೆಯುವಾಗ ಪೆನ್ನು ತಡವರಿಸಿತು.
ಬೇಡುವುದರಿಂದ ಹುಟ್ಟಿದ ಬೇಡಿಕೆ,
ಕೈಯೊಡ್ಡಿದವರ ಮನೆಯ ಕೂಸು,
ಯಾವ ಸಂತೆಯಲ್ಲಿ ಕಳೆದುಹೋಗಿ
ಥೈಲಿ ಇದ್ದವರ ಮನೆಗೆ ದತ್ತು ಹೋಯಿತೋ.
ಈಗ ಬೇಡುವವನಿಗೆ ಬೇಡಿಕೆಯಿಲ್ಲ;
ಬೇಡದವರದೇ ಬೇಡಿಕೆ.
ಬೇಕು ಎಂಬುದು ಗಲ್ಲಾಪೆಟ್ಟಿಗೆಯವರೆಗೆ ನಡೆದು
ಬೇಡ ಎಂದಾಗಿ ಹಿಂದಿರುಗುತ್ತದೆ,
ಗ್ರಾಫಿನ ಗೆರೆಗೆ ಬೂಟಿನ ಗುರುತು ಕಾಣುವುದಿಲ್ಲ.

ಕುಂದುಜ್ ಬಳಿ ಒಂದು ನೋಟ್‌ಬುಕ್ ಇದೆ,
ಮಗಳ ಗಣಿತದ್ದು. ಹಿಂಬದಿಯ ಹಾಳೆಗಳಲ್ಲಿ ಬರೆದಿಡುತ್ತಾಳೆ
ಯಾರೂ ಕೊಳ್ಳದ್ದನ್ನು:
ಡಿಸೆಂಬರ್ ಮೂರು. ಪಂಪು. ಸತಿಬಾಲ್ದಿ.
ಅದೇ ದಿನ. ಮಗುವಿನ ಜ್ವರದ ಸಿರಪ್, ಅರ್ಧ ಬಾಟಲಿ ಸಿಗುತ್ತದೆಯೇ ಎಂದರು.
ಐದು. ಬಸುರಿ, ಹೆಸರು ಹೇಳಲಿಲ್ಲ, ಕಬ್ಬಿಣದ ಮಾತ್ರೆ.
ಒಂಬತ್ತು. ಪಂಪು. ಸತಿಬಾಲ್ದಿಯ ಸೊಸೆ. ಬೆಲೆ ಇಳಿಯಿತೇ ಎಂದು.

ಈ ಸಲ ಎಲ್ದಿಯಾರ್ ಮುಂದೆ ಅದನ್ನು ತೆರೆದಿಟ್ಟಳು.
ಅವನು ಓದಿದ. ಚಹಾ ಆರಿತು.
'ಇದನ್ನು ತುಂಬಲು ನನ್ನ ಫಾರಮಿನಲ್ಲಿ ಜಾಗವಿಲ್ಲ' ಎಂದ,
ತಪ್ಪು ತನ್ನದೇ ಎಂಬಂತೆ.
ಹೊರಡುವಾಗ ವಾಪಸಿನ ಪಂಪುಗಳನ್ನು ಎಣಿಸಿದ: ಹನ್ನೊಂದು.
ಚೀಟಿಯಲ್ಲಿ ಹನ್ನೆರಡು ಇತ್ತು.
ಕುಂದುಜ್ ಕಪಾಟಿನ ಧೂಳು ಒರೆಸುತ್ತಿದ್ದಳು.
ಅವನು ಮತ್ತೆ ಎಣಿಸದೆ
ಹನ್ನೆರಡಕ್ಕೇ ಸಹಿ ಹಾಕಿದ.

ಕಂಬಳಿಯಾಚೆ ಯಾರೋ
ಬೂಟಿನ ಹಿಮ ಒದರುವ ಸದ್ದು.