ಒಪ್ಪತ್ತಿನ ಅಂಕ

ಹಾವೇರಿ ಜಿಲ್ಲಾ ಆಸ್ಪತ್ರೆ, ರಾತ್ರಿ ಒಂದೂವರೆ.
ಬ್ಯಾಡಗಿಯಿಂದ ಟಂಟಂನಲ್ಲಿ ಮಡಚಿಕೊಂಡೇ ಬಂದಳು
ಫಕ್ಕೀರವ್ವ, ಇಪ್ಪತ್ತಾರು, ಮೆಣಸಿನಕಾಯಿ ತೊಟ್ಟು ಬಿಡಿಸುವಾಕಿ.
ಅವಳ ಹಿಂದೆಯೇ ಘಾಟು ಬಂತು;
ಬಾಗಿಲಲ್ಲಿ ತೂಕಡಿಸುತ್ತಿದ್ದ ವಾರ್ಡ್‌ಬಾಯ್ ಸೀನಿದ.

"ಮೊದಲ ಹೊಕ್ಕಳ ಸುತ್ತ ಇತ್ರಿ,
ದೀಪ ಹಚ್ಚೂ ಹೊತ್ತಿಗೆ ಇಲ್ಲಿಗೆ ಇಳೀತು."
ಒಂದೇ ಬೆರಳಿಟ್ಟು ತೋರಿಸಿದಳು, ಕೆಂಪು ಹತ್ತಿದ ಬೆರಳು.
ನೋವು ಮನೆ ಬದಲಿಸಿತ್ತು. ಒಂದು.

ಒತ್ತಿದೆ. ಹಲ್ಲು ಕಚ್ಚಿದಳು. ಎರಡು ಅದಕ್ಕೆ.
ತಟ್ಟನೆ ಕೈ ತೆಗೆದೆ:
ಒತ್ತಿದ್ದಕ್ಕೆ ಕೂಗದವಳು
ಬಿಟ್ಟದ್ದಕ್ಕೆ "ಯವ್ವಾ" ಅಂದಳು.
ಇನ್ನೊಂದು.

ಜ್ವರ ತೊಂಬತ್ತೊಂಬತ್ತು, ಕೂದಲೆಳೆಯಷ್ಟು ಕಡಿಮೆ ಬಿತ್ತು. ಸೊನ್ನೆ.
ವಾಂತಿ ಇಲ್ಲ. ಮುಟ್ಟು ಹೋದ ವಾರ ಮುಗಿದಿದೆ.
ಲ್ಯಾಬಿನ ಹೊಸಮನಿ ಕಣ್ಣುಜ್ಜುತ್ತ ಚೀಟಿ ತಂದ,
ಬಿಳಿಕಣ ಹದಿಮೂರು ಸಾವಿರದ ಮೇಲೆ. ಎರಡು.
ಯಾವ ಜಾತಿಯವು ಎಷ್ಟೆಂದು ಎಣಿಸುವಾತ ಬೆಳಗ್ಗೆ ಬರುತ್ತಾನೆ,
ಸ್ಕ್ಯಾನಿಂಗಿನವರು ಹತ್ತಕ್ಕೆ.

ಕೂಡಿದರೆ ಆರು.
ಆರಕ್ಕೆ ಕಾಯಬೇಕು. ಏಳಕ್ಕೆ ಕೊಯ್ಯಬಹುದು.
ಫೋನಿನಲ್ಲಿ ಕಡ್ಲಿಮಟ್ಟಿ ಸರ್ ಆಕಳಿಸಿದರು,
"ಆರೋ ಏಳೋ? ನೆಟ್ಟಗ ಹೇಳಪಾ."

ಉಳಿದದ್ದು ಒಂದೇ ಪ್ರಶ್ನೆ, ಊಟ ಸೇರುತ್ತಿದೆಯೇ.
"ಮುಂಜಾನಿಂದ ಏನ ತಿಂದಿ?"
"ಏನಿಲ್ರಿ, ಸೋಮವಾರ. ಒಪ್ಪತ್ತು.
ಉಣ್ಣೂ ಹೊತ್ತಿಗೇ ಇದು ಹಿಡಕೊಂತು."
"ಹಸಿವು ಆಗಿಲ್ಲೇನು?"
"ಒಪ್ಪತ್ತಿನ ದಿನ ಅದನ್ನ ಕೇಳ್ಕೋಬಾರದ್ರಿ."

ಪೆನ್ನು ಹಾಳೆಯ ಮೇಲೆಯೇ ನಿಂತಿತು.
ಈ ಲೆಕ್ಕ ಕಟ್ಟಿದವನಿಗೆ ಸೋಮವಾರಗಳು ಗೊತ್ತಿಲ್ಲ.
ಬಾರದ ಹಸಿವು ಬೇರೆ,
ಬಂದರೂ ಮಾತಾಡಿಸದ ಹಸಿವು ಬೇರೆ.

ದಾಕ್ಷಾಯಣಿ ಸಿಸ್ಟರ್, ಇಪ್ಪತ್ತೆಂಟು ವರ್ಷದ ಸರ್ವಿಸು,
ಸಲೈನ್ ಕಟ್ಟುತ್ತ ಬಾಟ್ಲಿಯನ್ನೇ ನೋಡುತ್ತ ಅಂದರು,
"ಹನ್ನೆರಡು ಹೊಡದು ಮಂಗಳವಾರ ಆತಲ್ಲ ತಂಗಿ.
ಬಸ್‌ಸ್ಟ್ಯಾಂಡಿನ ಗಿರ್ಮಿಟ್ ತರಸ್ಲೇನು? ಜೋಡಿಗೆ ಬಿಸಿ ಮಿರ್ಚಿ?"

ಫಕ್ಕೀರವ್ವ ಗೋಡೆಗೆ ಮುಖ ತಿರುವಿದಳು.
"ಹೆಸರ ತೆಗೀಬ್ಯಾಡ್ರಿ ಅಕ್ಕಾ."

"ಬರಕೊಳ್ರಿ ಡಾಕ್ಟ್ರ" ಅಂದರು ಸಿಸ್ಟರ್.
ಬರೆದುಕೊಂಡೆ.

ಮೂರೂಕಾಲಿಗೆ ಟ್ರೇಯಲ್ಲಿ ಬಿತ್ತು,
ಊದಿದ್ದು, ಕೆಂಪಗಿನದು, ತುದಿಯಲ್ಲಿಷ್ಟು ಕಪ್ಪು.
ತೊಟ್ಟು ಕಟ್ಟಿ ಬಿಡಿಸಿದವರು ಕಡ್ಲಿಮಟ್ಟಿ ಸರ್,
ಕೊಕ್ಕೆ ಹಿಡಿದು ನಿಂತವನು ನಾನು.

ಬುಧವಾರ ರೌಂಡ್ಸಿಗೆ ಹೋದಾಗ ಎದ್ದು ಕೂತಿದ್ದಳು.
"ಗಿರ್ಮಿಟ್ ಅಂದಿದ್ರಲ್ರಿ ಅವತ್ತ?"
"ಇವತ್ತ ಗಂಜಿ ತಿಳಿ ಅಷ್ಟ."
"ಒಂಚೂರು ಉಪ್ಪಿನಕಾಯಿ?"