ಕಂಬ ಇಳಿಸುವ ಹೊತ್ತು

ಎರಡು ದಿನ ಉಪವಾಸ ಹಾಕಿದ್ದೆ ಇವಕ್ಕೆ.
ಸೀರಮ್ ಇಲ್ಲದ ಗುಲಾಬಿ ನೀರಿನಲ್ಲಿ
ತಟ್ಟೆಯ ತಳಕ್ಕಂಟಿ ಕೂತಿದ್ದವು
ಮೂತ್ರಪಿಂಡದ ಲಕ್ಷ ಜೀವಕೋಶಗಳು,
ಒಂದೂ ಒಡೆಯದೆ, ಒಂದೂ ಹಡೆಯದೆ.

ಹಸಿದಾಗಲೇ ಇವು ಕಿವಿ ನಿಮಿರಿಸುವುದು.
ಒಂದೊಂದರ ನೆತ್ತಿಗೂ ಒಂದೇ ಒಂದು ಸಿಲಿಯ.
ಕೂದಲೆಳೆ ಅನ್ನೋಣವೆಂದರೆ
ಕೂದಲು ಇದರ ಮುಂದೆ ತೊಲೆ.
ಹಸಿರಾಗಿ ಮಿನುಗುತ್ತ, ನೀರು ಯಾವ ಕಡೆಗೆ ಹರಿಯುತ್ತಿದೆ
ಎಂದು ಆಲಿಸುತ್ತ ನಿಂತಿರುತ್ತದೆ.

ನಿನ್ನೆ ಇದೇ ಹೊತ್ತಿಗೆ ಸೀರಮ್ ಹನಿಸಿದೆ.
ಉಂಡವು.
ಉಂಡ ಮೇಲೆ ಯಾರಿಗೆ ಬೇಕು ಹೊರಗಿನ ಸುದ್ದಿ?

ಗ್ರೋನಿಂಗನ್‌ನಲ್ಲಿ ರಾತ್ರಿ ಎರಡು.
ಕೆಳಗೆ ಸೈಕಲ್ಲುಗಳ ಸೀಟಿನ ಮೇಲೆ ಹಿಮ ಕೂರುತ್ತಿದೆ.

ಅಪ್ಪ ಡೌವೆ, ಫ್ರೀಸ್‌ಲಂಡಿನ ಕಾಲುವೆಗಳಲ್ಲಿ
ಚಪ್ಪಟೆ ತಳದ ಹಾಯಿದೋಣಿ ನಡೆಸಿದವನು.
ಸೇತುವೆ ಹತ್ತಿರವಾಗುತ್ತಲೇ "ಕಂಬ!" ಅಂತ ಕೂಗುತ್ತಿದ್ದ.
ನಾನೂ ಅಣ್ಣ ಹಿಲ್ಕೆಯೂ ಓಡಿ ಹಗ್ಗ ಸಡಿಲಿಸಿದರೆ
ಅಷ್ಟೆತ್ತರದ ಮರ ಕಿರುಗುಟ್ಟುತ್ತ
ನಮ್ಮ ತಲೆಯ ಮೇಲೇ ಬಂದು ಮಲಗುತ್ತಿತ್ತು.
ಹೊಟ್ಟೆಯ ಮೇಲೆ ತೆವಳುವ ಕುರುಡಿಯಂತೆ
ದೋಣಿ ಕತ್ತಲೊಳಗೆ ಜಾರುತ್ತಿತ್ತು.
ಆಚೆ ಬೆಳಕು. "ಎತ್ತಿ!"

ಇಲ್ಲೂ ಕುಗ್ಗಿ ಕುಗ್ಗಿ ಚುಕ್ಕೆಯಾಯಿತು ಸಿಲಿಯ.
ಅದರ ಬುಡ ಹಿಡಿದಿದ್ದ ಸೆಂಟ್ರಿಯೋಲ್
ಕೋಶದ ಒಂದು ತುದಿಗೆ ಹೋಗಿ ನಿಂತಿದೆ.
ಕಂಬ ಕಾಯುತ್ತಿದ್ದವನೇ ಈಗ ಹಗ್ಗ ಜಗ್ಗುವವನು,
ಎರಡೂ ಒಟ್ಟಿಗೆ ಅವನಿಂದಾಗದು.
ನಲವತ್ತು ನಿಮಿಷ. ನಡು ಸಣ್ಣಗಾಗಿ
ಇಬ್ಬರು.

ಹಳೆಯ ಸೆಂಟ್ರಿಯೋಲ್ ಯಾರ ಪಾಲಿಗೆ ಬಂತೋ
ಬಹುಮಟ್ಟಿಗೆ ಅವಳೇ ಮೊದಲು ಕಂಬ ಎತ್ತುತ್ತಾಳೆ.
ಇನ್ನೊಬ್ಬಳು ಸ್ವಲ್ಪ ಹೊತ್ತು ಕಿವುಡಿ.

ಅಪ್ಪನ ಮೂತ್ರಪಿಂಡಗಳ ತುಂಬ ನೀರುಗುಳ್ಳೆ.
ವಾರಕ್ಕೆ ಮೂರು ದಿನ ಲೇವಾರ್ಡನ್ನಿನ ಆಸ್ಪತ್ರೆಯಲ್ಲಿ
ಯಂತ್ರಕ್ಕೆ ಕೈ ಒಪ್ಪಿಸಿ ಮಲಗುತ್ತಾನೆ.
ಸಿಲಿಯದ ಒಂದು ಪ್ರೋಟೀನು ಕೆಟ್ಟಿದೆ, ಅಷ್ಟೆ.
ಹರಿವಿನ ಸುದ್ದಿ ಒಳಗೆ ಮುಟ್ಟದ ಕೋಶ
ಸಾಕು ಅನ್ನುವುದನ್ನೇ ಮರೆಯುತ್ತದೆ.
ಹಿಲ್ಕೆಗೂ ಬಂದಿದೆ.
ನನ್ನದು ಕೋಟಿನ ಜೇಬಿನಲ್ಲಿದೆ, ಒಡೆಯದ ಲಕೋಟೆ,
ಒಂಬತ್ತು ದಿನದಿಂದ.

"ರಾತ್ರಿಯೆಲ್ಲ ಏನು ನೋಡುತ್ತೀ ಅಲ್ಲಿ?" ಕೇಳಿದ, ಮೊನ್ನೆ ಫೋನಿನಲ್ಲಿ.
ಕಂಬ ಇಳಿಸುವುದನ್ನು, ಅಂದೆ.
"ಅದಕ್ಕೆ ಸಂಬಳ ಬೇರೆ ಕೊಡುತ್ತಾರಾ?"
ಕೆಮ್ಮು ಬರುವಷ್ಟು ನಕ್ಕ. ಆಮೇಲೆ,
"ಇಳಿಸುವುದು ಯಾರಿಗೂ ಬರುತ್ತದೆ, ವೀತ್‌ಸ್ಕೆ.
ಸೇತುವೆ ಮುಗಿದದ್ದು ಗೊತ್ತಾಗಬೇಕು."

ಐದೂಕಾಲಿಗೆ ಎಡಗಡೆಯವಳ ನೆತ್ತಿಯಲ್ಲಿ ಹಸಿರು.
ಧೂಳೇನೋ ಅಂದುಕೊಂಡು ಗಾಜು ಒರೆಸಿದೆ. ಹೋಗಲಿಲ್ಲ.
ಪುಸ್ತಕದಲ್ಲಿ ಹೊತ್ತು ಬರೆದು
ಬಲಗಡೆಯವಳಿಗಾಗಿ ಕಾಯುತ್ತಿದ್ದೇನೆ.
ಬಾಗಿಲ ಹಿಂದೆ ಗೂಟದಲ್ಲಿ ಕೋಟು,
ಒಂದು ತೋಳು ಒಳಮಗುಚಿ.