ಮೂರನೆಯ ಪ್ರಯೋಗ

ಬುಧವಾರ, ಮೂರನೇ ತಾಸು, ಗ್ರೀಕ್.
ಸಾಲಿನ್ಸ್ ಅಯ್ಯನವರ ತೋಳಿಗೆಲ್ಲ ಸೀಮೆಸುಣ್ಣ.
ಅಕ್ಷರ ಅಕ್ಷರಕ್ಕೂ ಇಸ್ತ್ರಿ ಹಾಕಿದ ಮುಲ್ಕಿಯ ಕನ್ನಡದಲ್ಲಿ
ಹಲಗೆಯ ಮೇಲೆ ಮೂರು ಕಂಬ ನೆಟ್ಟರು.
ಕರ್ತರಿ: ಹೊಡೆದನು.
ಕರ್ಮಣಿ: ಹೊಡೆಯಲ್ಪಟ್ಟನು.
ಮೂರನೆಯದರ ಕೆಳಗೆ ಏನೂ ಬರೆಯದೆ
ಕೈ ಕೊಡವಿಕೊಂಡರು.
'ಮಧ್ಯಮ. ಮಾಡಿದ್ದು ಮಾಡಿದವನಿಗೇ ತಿರುಗಿ ಬರುವುದು.
ನಮ್ಮಲ್ಲಿಲ್ಲ. ಬಾಯಿಪಾಠ ಮಾಡಿ.'

ಬೆಂಚಿನಲ್ಲಿ
ಸಭಾಪಾಲಕರಾಗಲಿರುವ ಹದಿನಾಲ್ಕು ಮಂದಿ,
ಏನಾಗುವೆವೆಂದು ಇನ್ನೂ ತೀರ್ಮಾನವಾಗದ
ನಾವಿಬ್ಬರು.
ನನ್ನಜ್ಜಿ ಕಪ್ಪು ಛತ್ರಿ ಹಿಡಿದು
ಹುಣಸೂರಿನ ಸುತ್ತ ಮನೆ ಮನೆ ನಡೆದವಳು.
ಅವಳನ್ನು ಯಾರೂ ವ್ಯಾಕರಣ ಕೇಳಲಿಲ್ಲ.

ಹಾಸ್ಟೆಲಿನ ಅಡುಗೆಮನೆಯಲ್ಲಿ ಚಿಕ್ಕತಾಯಮ್ಮ
ಕಾಲಲ್ಲಿ ಪಾತ್ರೆ ಒತ್ತಿ ಹಿಡಿದು ಮುದ್ದೆ ತಿರುವುತ್ತಿದ್ದರು.
'ಮಕ ಯಾಕಿಂಗ್ ಮಾಡ್ಕಂಡಿದ್ದೀ?
ತಟ್ಟೆ ತಕ್ಕೋ. ಇಕ್ಕಂಡ್ ಉಣ್ಣು.
ನೀರ ನೀನೇ ಬುಟ್ಕೋ, ನನ್ ಕೈ ಹಿಟ್ಟಾಗದೆ.'
ತಟ್ಟೆ ಹಿಡಿದು ನಿಂತವಳು ನಿಂತೇ ಬಿಟ್ಟೆ.
ಹಿನಕಲ್ಲಿನ ಈ ಹೆಂಗಸಿನ ಬಾಯ ತುಂಬ
ಗ್ರೀಕ್!

ಆ ರಾತ್ರಿ ಕೋಶ ಬಿಡಿಸಿ ಹುಡುಕಿದೆ.
ಕಣ್ಣಿನ ಪೊರೆ ಆಗಷ್ಟೇ ಉದುರಿದವನಿಗೆ
ದಮಸ್ಕದ ಒಂದು ಮನೆಯಲ್ಲಿ ಹೇಳಿದ ಮಾತು:
ಏಳು, ತೊಳೆದುಕೋ.
ಅಲ್ಲೂ ಅದೇ ಬಾಲ, ಅದೇ 'ಕೊಳ್ಳು'.
ಯಾರಿಗಾದರೂ ಹೇಳಬೇಕೆನಿಸಿತು. ದೀಪ ಆರಿಸುವ ಗಂಟೆಯಾಗಿತ್ತು.

ಭಾನುವಾರ ಮಂಡ್ಯ.
ಬೆಳಗಿನ ಪ್ಯಾಸೆಂಜರಿನಲ್ಲಿ, ಪಾಂಡವಪುರ ದಾಟುವವರೆಗೂ
ತುಟಿಯಲ್ಲೇ ಪ್ರಸಂಗ ಒಪ್ಪಿಸುತ್ತ ಹೋದೆ:
ಮೂರು ಅಂಶ, ಅಂಶಕ್ಕೊಂದು ದೃಷ್ಟಾಂತ, ಹದಿನೆಂಟು ನಿಮಿಷ.
ಸಕ್ಕರೆ ಕಾರ್ಖಾನೆಯ ಹಿಂದಿನ ಸಾಲುಮನೆಗಳಲ್ಲಿ
ಕಾಕಂಬಿಯ ವಾಸನೆ, ಶೀಟಿನ ಮಾಡಿನ ಪ್ರಾರ್ಥನಾಲಯ,
ಇಪ್ಪತ್ತಮೂರು ಜನ, ಎರಡು ಕೋಳಿ.
ಚೆನ್ನಾಗಿಯೇ ಹೇಳಿದೆ. ಉಪದೇಶಿ ಶಾಂತಪ್ಪನವರು
ಗಡಿಯಾರ ನೋಡಲಿಲ್ಲ.

ಆಮೇಲೆ ಕರಕೊಂಡು ಹೋದದ್ದು ರತ್ನಾವತಿಯ ಮನೆಗೆ.
ಏಳು ತಿಂಗಳ ಕೂಸು ಹೋಗಿ ಹನ್ನೆರಡು ದಿನ.
ಜೋಲಿಯ ಸೀರೆ ಇನ್ನೂ ತೊಲೆಯಲ್ಲಿತ್ತು,
ಯಾರೋ ತಲೆಗೆ ತಾಗದಂತೆ ಮೇಲಕ್ಕೆ ಗಂಟು ಹಾಕಿದ್ದರು.
ಅತ್ತೆ ಅಂದಳು, ಪಕ್ಕದ ಮನೆಯವಳೂ ಅಂದಳು,
ಉಪದೇಶಿಯವರೂ ಅಂದರು:
'ದೇವರು ಕರಕೊಂಡರು.'
ರತ್ನಾವತಿ ನನ್ನ ಕಡೆ ತಿರುಗಿದಳು.
'ನೀವು ಓದಾರು. ಯೋಳಿ.
ಕರ್ಕಂಡ್ ಏನ್ ಮಾಡ್ತಾರೆ, ಅಷ್ಟ್ ಚಿಕ್ದ?'

ಕರೆದರು ಅಲ್ಲ, ಕರಕೊಂಡರು.
ತಮಗಾಗಿ.
ಬುಧವಾರದಿಂದ ನಾನು ಕುಣಿದಾಡಿದ್ದ ಆ ಬಾಲ
ಈಗ ಬಾಗಿಲಿಗೆ ಅಡ್ಡ ಬಿದ್ದಿತ್ತು.
ಚೀಲದಲ್ಲಿ ಕೋಶವಿತ್ತು, ಟಿಪ್ಪಣಿಯಿತ್ತು,
ದುಃಖಿತರನ್ನು ಸಂತೈಸುವ ಕ್ರಮದ ಜೆರಾಕ್ಸ್ ಇತ್ತು.
ಶಾಂತಪ್ಪನವರು ಕೆಮ್ಮಿದರು.
ನಾನು ಚಾಪೆಯ ಮೇಲೆ
ಅವಳ ಪಕ್ಕ ಕೂತುಕೊಂಡೆ.

ಟೀ ಬಂತು, ಆರಿತು.
ಕಾರ್ಖಾನೆಯ ಸೈರನ್ ಕೂಗಿತು.
ಪಕ್ಕದ ಮನೆಯವಳು ಎದ್ದು ಹೋದಳು.
ನನ್ನ ಕಾಲು ಜೋಮು ಹಿಡಿಯಿತು, ಕದಲಿಸಲಿಲ್ಲ.
ಎರಡೂವರೆಯ ಹೊತ್ತಿಗೆ ರತ್ನಾವತಿ ಬಚ್ಚಲಿಗೆ ಹೋದಳು,
ತಂಬಿಗೆಯ ಸದ್ದಾಯಿತು.
ಮುಖ ತೊಳಕೊಂಡು ಬಂದಳು.
ಅಷ್ಟೇ.
ಹೊರಡುವಾಗ ಚಿಕ್ಕದೊಂದು ಪ್ರಾರ್ಥನೆ ಮಾಡಿದೆ.
ಆಮೆನ್ ಅಂದೆನೋ ಇಲ್ಲವೋ ನೆನಪಿಲ್ಲ.

ಸೋಮವಾರ ಕಿರುಪರೀಕ್ಷೆ. ನಾಲ್ಕನೇ ಪ್ರಶ್ನೆ:
ಮಧ್ಯಮ ಪ್ರಯೋಗವನ್ನು ಉದಾಹರಣೆ ಸಹಿತ ವಿವರಿಸಿ.
ಬಹಳ ಹೊತ್ತು ಪೆನ್ನಿನ ಮುಚ್ಚಳ ಕಚ್ಚಿ
'ಕೂತುಕೊಂಡೆ' ಎಂದು ಬರೆದೆ.
ಕೆಂಪು ಶಾಯಿಯಲ್ಲಿ ಉತ್ತರ ಬಂತು:
'ಉದಾಹರಣೆ ಗ್ರೀಕಿನಲ್ಲಿರಲಿ. ಅರ್ಧ ಅಂಕ.'
ಆ ಸಾಲಿನ ಪಕ್ಕ, ಪೆನ್ಸಿಲಿನಲ್ಲಿ,
ಮಸುಕಾಗಿ ಒಂದು ಗೆರೆ. ಯಾಕೆಂದು ಬರೆದಿರಲಿಲ್ಲ.

ಚಿಕ್ಕತಾಯಮ್ಮ ಕೇಳಿದರು, 'ಎಷ್ಟ್ ಕೊಟ್ರು?'
'ಅರ್ಧ.'
ಒಲೆಯ ಮುಂದಿನಿಂದ ತಲೆಯೆತ್ತಿ, ನಿಜಕ್ಕೂ ಅನುಮಾನ ಬಂದವರಂತೆ:
'ಇನ್ನರ್ದ ಏನಾಯ್ತು?
ಅವ್ರೇ ಮಡಿಕ್ಕಂಡ್ರಾ?'